ಆಟ ಆಡುವುದು ಬೇರೆ, ಆಟ ಕಟ್ಟುವುದು ಬೇರೆ: ಮನೆಯ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗೆ ನಾವು ಏನು ಹೇಳಬೇಕು?

ಕೇಂದ್ರ ಸರ್ಕಾರ ಒಂದೇ ವರ್ಷದೊಳಗೆ ಆಟಗಳ ಬಗ್ಗೆ ಎರಡು ಮಾತು ಹೇಳಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿ, ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. 2026ರ ಫೆಬ್ರುವರಿ 1ರ ಬಜೆಟ್‌ನಲ್ಲಿ ಅದೇ ಸರ್ಕಾರ 15,000 ಪ್ರೌಢಶಾಲೆಗಳಲ್ಲಿ ಮತ್ತು 500 ಕಾಲೇಜುಗಳಲ್ಲಿ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಹಾಗೂ ಕಾಮಿಕ್ಸ್ ಪ್ರಯೋಗಾಲಯಗಳಿಗೆ ನೆರವು ಘೋಷಿಸಿತು. 2030ರ ಹೊತ್ತಿಗೆ ಈ ಕ್ಷೇತ್ರಕ್ಕೆ 20 ಲಕ್ಷ ಜನ ಬೇಕಾಗುತ್ತಾರೆ ಎಂಬ ಅಂದಾಜನ್ನೂ ಮುಂದಿಟ್ಟಿತು.

ಮನೆಯಲ್ಲಿ ತಂದೆ-ತಾಯಿಯ ಕಿವಿಗೆ ಮೊದಲಿನ ಸುದ್ದಿ ಬಿದ್ದಿದೆ, ಮಕ್ಕಳ ಕಿವಿಗೆ ಎರಡನೆಯದು ಬಿದ್ದಿದೆ. ಬಿಸಿಎ ಅಥವಾ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಓದುತ್ತಿರುವ ಮಗನೋ ಮಗಳೋ ‘ಬಿಡುವಿನ ವೇಳೆಯಲ್ಲಿ ಒಂದು ಗೇಮ್ ಮಾಡೋದು ಕಲೀತಾ ಇದೀನಿ’ ಎಂದರೆ, ಹಿರಿಯರಿಗೆ ಕೇಳಿಸುವುದು ‘ಗೇಮ್’ ಎಂಬ ಒಂದೇ ಪದ. ಜೂಜು, ಚಟ, ಕಾಲಹರಣ, ಗುಂಡು ಹಾರಿಸುವುದು ಎಲ್ಲವೂ ಆ ಒಂದು ಪದದಲ್ಲಿ ಸೇರಿಹೋಗಿವೆ. ಈ ಲೇಖನದ ಉದ್ದೇಶ ಅವನ್ನು ಬಿಡಿಸಿ ನೋಡುವುದು. ಕಾನೂನು ಏನು ಹೇಳುತ್ತದೆ, ನಮ್ಮ ಶ್ರಾವಕಾಚಾರ ಏನು ಹೇಳುತ್ತದೆ, ಉದ್ಯೋಗದ ಮಾರುಕಟ್ಟೆಯ ನಿಜ ಏನು ಎಂಬ ಮೂರನ್ನೂ ಒಟ್ಟಿಗೆ ಇಟ್ಟುಕೊಂಡರೆ ಮಾತ್ರ ಮಕ್ಕಳಿಗೆ ನ್ಯಾಯವಾದ ಉತ್ತರ ಕೊಡಬಹುದು.

ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕುಳಿತು ಕೇಳುವುದಕ್ಕಿಂತ ಕೊಳ್ಳೇಗಾಲ ತಾಲ್ಲೂಕಿನ ಮಧುವನಹಳ್ಳಿಯಂಥ ಊರಿನಿಂದ ಕೇಳುವುದು ಒಳ್ಳೆಯದು. ಮಧುವನ ಎಂದರೆ ಜೈನರಿಗೆ ಸಮ್ಮೇದ ಶಿಖರ್ಜಿಯ ತಪ್ಪಲಿನ ಊರು ನೆನಪಾಗುತ್ತದೆ. ಇದು ನಮ್ಮದೇ ಚಾಮರಾಜನಗರ ಜಿಲ್ಲೆಯ ಹಳ್ಳಿ. ಕನಕಗಿರಿ ಕ್ಷೇತ್ರ ಇರುವುದೂ, ಹೊಯ್ಸಳ ದಂಡನಾಯಕ ಪುಣಿಸನ ಕಾಲದ ಪಾರ್ಶ್ವನಾಥ ಬಸದಿ ಇರುವುದೂ ಇದೇ ಜಿಲ್ಲೆಯಲ್ಲಿ. ಇಂಥ ಕಡೆಯ ವಿದ್ಯಾರ್ಥಿಗೆ ಸ್ಟುಡಿಯೊ ಹತ್ತಿರವಿಲ್ಲ, ಕೋಚಿಂಗ್ ಇಲ್ಲ, ದುಬಾರಿ ಕಂಪ್ಯೂಟರ್ ಇಲ್ಲ. ಹವ್ಯಾಸವಾಗಿ ಆಟ ಕಟ್ಟುವ ವಿದ್ಯೆ ಇಲ್ಲಿ ನಿಲ್ಲುವುದಾದರೆ ರಾಜ್ಯದ ಯಾವ ಊರಿನಲ್ಲೂ ನಿಲ್ಲುತ್ತದೆ.

ಕಾಯ್ದೆ ಏನನ್ನು ನಿಷೇಧಿಸಿದೆ?

2025ರ ಕಾಯ್ದೆ ಆಟಗಳನ್ನು ಮೂರು ಗುಂಪು ಮಾಡುತ್ತದೆ. ಸ್ಪರ್ಧೆಯಾಗಿ ನಡೆಯುವ ಇ-ಸ್ಪೋರ್ಟ್ಸ್ ಮೊದಲನೆಯದು. ಮನರಂಜನೆ ಅಥವಾ ಕಲಿಕೆಗಾಗಿ ಇರುವ ಸೋಷಿಯಲ್ ಗೇಮ್‌ಗಳು ಎರಡನೆಯದು. ಇವೆರಡಕ್ಕೂ ಕಾಯ್ದೆಯಲ್ಲಿ ಮಾನ್ಯತೆ ಇದೆ. ಮೂರನೆಯದು ಹಣದ ಆಟ, ಅಂದರೆ ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವಂಥದ್ದು. ಇದನ್ನು ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಕಾಯ್ದೆ ಬಂದ ಕೂಡಲೇ ಡ್ರೀಮ್11, ಎಂಪಿಎಲ್ ಮೊದಲಾದ ದೊಡ್ಡ ಆ್ಯಪ್‌ಗಳು ಹಣದ ಪಂದ್ಯಗಳನ್ನು ನಿಲ್ಲಿಸಿದವು.

ವಿದ್ಯಾರ್ಥಿಗಳಿರುವ ಮನೆಯವರು ಗಮನಿಸಬೇಕಾದ ಒಂದು ಅಂಶ ಇದರಲ್ಲಿದೆ. ನಿಷೇಧ ಕಂಪನಿಯ ಮಾಲೀಕರಿಗೆ ಮಾತ್ರ ಅನ್ವಯಿಸುವುದಿಲ್ಲ. ಹಣದ ಆಟ ಒದಗಿಸಲು ನೆರವಾಗುವುದು, ಕುಮ್ಮಕ್ಕು ಕೊಡುವುದು ಕೂಡ ಅದರ ವ್ಯಾಪ್ತಿಗೆ ಬರುತ್ತದೆ. ಹಣದ ಆಟ ಒದಗಿಸುವ ಅಪರಾಧ ಜಾಮೀನುರಹಿತವೂ ಹೌದು. ಕೋಡಿಂಗ್ ಬಲ್ಲ ಹುಡುಗರಿಗೆ ‘ಒಂದು ರಮ್ಮಿ ಆ್ಯಪ್ ಮಾಡಿಕೊಡು, ಬಣ್ಣ ಊಹಿಸುವ ಆಟ ಮಾಡಿಕೊಡು, ಇಷ್ಟು ಸಾವಿರ ಕೊಡುತ್ತೇವೆ’ ಎಂದು ಅಪರಿಚಿತರಿಂದ ಕೆಲಸ ಬಂದರೆ ಅದು ಕೈಖರ್ಚಿಗೆ ಸಿಕ್ಕ ಸಣ್ಣ ಕೆಲಸ ಎಂದು ಒಪ್ಪಿಕೊಳ್ಳುವಂತಿಲ್ಲ. ಈ ಮಾತನ್ನು ಮನೆಯಲ್ಲಿ ಮೊದಲೇ ಆಡಿಕೊಂಡಿರಬೇಕು.

ಇದೇ ವೇಳೆ, ತಾನು ಕಟ್ಟಿದ ಒಗಟಿನ ಆಟವನ್ನು ಉಚಿತವಾಗಿ ಹಂಚುವುದಕ್ಕಾಗಲಿ, ಒಂದು ಬೆಲೆಗೆ ಮಾರುವುದಕ್ಕಾಗಲಿ ಈ ನಿಷೇಧ ಅಡ್ಡಿಯಾಗುವುದಿಲ್ಲ. ಆಡಲು ಪ್ರವೇಶ ಶುಲ್ಕ ಅಥವಾ ಚಂದಾ ಇರಬಹುದು, ಪಣ ಇರಬಾರದು.

ಪಣ ಎಂಬ ಈ ಪದದ ಮೇಲೆ ಕರ್ನಾಟಕದಲ್ಲಿ ಹಿಂದೆಯೂ ವಾದ ನಡೆದಿದೆ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂಬ ಹಳೆಯ ಭೇದ ಆ ವಾದದ ಬೆನ್ನೆಲುಬಾಗಿತ್ತು. 2025ರ ಕೇಂದ್ರ ಕಾಯ್ದೆ ಆ ಭೇದವನ್ನು ಬದಿಗಿಟ್ಟು, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಹಣ ಗೆಲ್ಲುವುದಿದ್ದರೆ ನಿಷೇಧ ಎಂದಿತು. ಇದರ ವಿರುದ್ಧದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್‌ಗಳಿಂದ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ಜೈನರಿಗೆ ಇದು ಹೊಸ ವಿಚಾರವೇನಲ್ಲ. ಸಪ್ತವ್ಯಸನಗಳನ್ನು ಎಣಿಸುವಾಗ ನಮ್ಮ ಹಿರಿಯರು ಮೊದಲು ಹೇಳಿದ್ದು ದ್ಯೂತ. ಮಾಂಸ, ಮದ್ಯ, ವೇಶ್ಯೆ, ಬೇಟೆ, ಕಳ್ಳತನ, ಪರಸ್ತ್ರೀ ಎಲ್ಲವೂ ಅದರ ನಂತರ. ದ್ಯೂತವನ್ನು ದೂರವಿಡಿ ಎನ್ನುವಾಗ ಅವರು ಆಟಗಾರನ ಕೈಚಳಕ ಎಷ್ಟು, ದಾಳದ ಪಾಲು ಎಷ್ಟು ಎಂದು ಲೆಕ್ಕ ಹಾಕಲಿಲ್ಲ. ಪಣ ಹುಟ್ಟಿಸುವ ಲೋಭವೇ ಅಲ್ಲಿ ದೋಷ. ಹಾಗೆಂದು ದಾಳವನ್ನೂ ಕವಡೆಯನ್ನೂ ಅವರು ಮುಟ್ಟದೆ ಬಿಡಲಿಲ್ಲ ಎಂಬುದಕ್ಕೆ ನಮ್ಮದೇ ಒಂದು ಆಟ ಸಾಕ್ಷಿಯಾಗಿದೆ. ಅದರ ವಿಚಾರ ಮುಂದೆ ಬರುತ್ತದೆ.

ಆಟ ಕಟ್ಟುವಾಗ ವಿದ್ಯಾರ್ಥಿ ಕಲಿಯುವುದೇನು?

ಒಂದು ಸಣ್ಣ ಆಟವನ್ನೇ ತೆಗೆದುಕೊಳ್ಳಿ. ಪರದೆಯ ಮೇಲಿನ ಚಿತ್ರವನ್ನು ಕಂಪ್ಯೂಟರ್ ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಹೊಸದಾಗಿ ಬರೆಯುತ್ತದೆ. ಅಂದರೆ ಕೀಲಿ ಒತ್ತಿದ್ದನ್ನು ಗಮನಿಸುವುದು, ವಸ್ತುಗಳನ್ನು ಸರಿಸುವುದು, ಒಂದಕ್ಕೊಂದು ತಾಗಿತೇ ಎಂದು ನೋಡುವುದು, ಚಿತ್ರ ಬರೆಯುವುದು ಇಷ್ಟೂ ಕೆಲಸ ಸುಮಾರು 16 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. ತರಗತಿಯಲ್ಲಿ ಪರೀಕ್ಷೆಗಾಗಿ ಓದಿದ ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್, ಲೀನಿಯರ್ ಆಲ್ಜೀಬ್ರಾ ಎಲ್ಲವೂ ಇಲ್ಲಿ ಕೈಗೆ ಸಿಗುತ್ತವೆ. ತಪ್ಪು ಮಾಡಿದರೆ ಅಂಕ ಕಡಿಮೆಯಾಗುವ ಬದಲು ಕಣ್ಣೆದುರೇ ಚೆಂಡು ಗೋಡೆಯೊಳಗೆ ನುಗ್ಗಿಹೋಗುತ್ತದೆ, ಯಾಕೆ ಎಂದು ಹುಡುಕಲೇಬೇಕಾಗುತ್ತದೆ. ಚಿತ್ರ, ಸಂಗೀತ, ಕಥೆ, ಆಡುವವರ ಮನಸ್ಸು ಇವುಗಳ ಪರಿಚಯವೂ ಆಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಹಿಡಿದ ಕೆಲಸ ಮುಗಿಸುವ ಅಭ್ಯಾಸ ಬೆಳೆಯುತ್ತದೆ.

ಖರ್ಚಿನ ಮಾತು. ಗೊಡೊ ಎಂಬ ಗೇಮ್ ಎಂಜಿನ್ 2014ರಲ್ಲಿ ಮುಕ್ತ ತಂತ್ರಾಂಶವಾಯಿತು. ಅದಕ್ಕೆ ಶುಲ್ಕವಿಲ್ಲ, ಮಾಡಿದ ಆಟದಿಂದ ಹಣ ಬಂದರೂ ಪಾಲು ಕೊಡಬೇಕಿಲ್ಲ. ದೊಡ್ಡ ಎಂಜಿನ್‌ಗಳು ಹಲವು ಜಿಬಿ ಡೌನ್‌ಲೋಡ್ ಬೇಡುವಾಗ ಇದು ಸುಮಾರು 100 ಎಂಬಿಯಲ್ಲಿ ಮುಗಿಯುತ್ತದೆ. ಮೊಬೈಲ್ ಡೇಟಾ ನಂಬಿಕೊಂಡ ಹಳ್ಳಿಯ ಮನೆಗೆ ಇದು ಸಣ್ಣ ವಿಷಯವಲ್ಲ. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಎರಡು ಆಯಾಮದ ಆಟ ಕಟ್ಟಲು ತೊಂದರೆಯಿಲ್ಲ. ಚಿತ್ರಕ್ಕೆ ಕ್ರಿಟಾ, ಮೂರು ಆಯಾಮದ ಮಾದರಿಗೆ ಬ್ಲೆಂಡರ್ ಇವೂ ಉಚಿತ.

ಕನ್ನಡದಲ್ಲಿ ಆಟ ಕಟ್ಟುವವರಿಗೆ ಇನ್ನೊಂದು ಸಂಗತಿ. ಹಳೆಯ ಎಂಜಿನ್‌ಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿಯಾಗುತ್ತಿತ್ತು. 2023ರ ಮಾರ್ಚ್‌ನಲ್ಲಿ ಬಂದ ಗೊಡೊ 4ನೇ ಆವೃತ್ತಿ ಭಾರತೀಯ ಲಿಪಿಗಳ ಜೋಡಣೆಯನ್ನು ತಾನೇ ಸರಿಯಾಗಿ ಮಾಡುತ್ತದೆ. ‘ಸಮ್ಯಕ್ತ್ವ’ ಎಂದು ಬರೆದರೆ ‘ಸಮ್ಯಕ್ತ್ವ’ ಎಂದೇ ಕಾಣುತ್ತದೆ.

ಹವ್ಯಾಸದಿಂದ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಜಗತ್ತಿನಲ್ಲಿ ಹೆಚ್ಚು ಹೇಳಲಾಗುವ ಉದಾಹರಣೆ ಅಮೆರಿಕದ ಎರಿಕ್ ಬರೋನ್. 2011ರಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಮುಗಿಸಿದ ಆತನಿಗೆ ಕೆಲಸ ಸಿಗಲಿಲ್ಲ. ಪ್ರೋಗ್ರಾಮಿಂಗ್ ಕೈ ಪಳಗಲಿ ಎಂದು ಒಂದು ಬೇಸಾಯದ ಆಟ ಕಟ್ಟತೊಡಗಿದ. ಹೊಟ್ಟೆಪಾಡಿಗೆ ರಂಗಮಂದಿರದಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಅರೆಕಾಲಿಕ ಕೆಲಸ. ಕೋಡು, ಚಿತ್ರ, ಸಂಗೀತ ಎಲ್ಲವನ್ನೂ ಒಬ್ಬನೇ ಮಾಡಿ, ನಾಲ್ಕೂವರೆ ವರ್ಷದ ನಂತರ 2016ರ ಫೆಬ್ರುವರಿಯಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಬಿಡುಗಡೆ ಮಾಡಿದ. 2024ರ ಕೊನೆಯ ಹೊತ್ತಿಗೆ ಅದರ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಇನ್ನೊಂದು ಸಂಖ್ಯೆಯನ್ನೂ ಹೇಳಬೇಕು. ಆಟ ಮಾರುವ ಸ್ಟೀಮ್ ಅಂಗಡಿಯೊಂದರಲ್ಲೇ 2024ರಲ್ಲಿ 18,000ಕ್ಕೂ ಹೆಚ್ಚು ಹೊಸ ಆಟಗಳು ಬಂದವು. ಅವುಗಳಲ್ಲಿ ಬಹುಪಾಲು ಯಾರ ಕಣ್ಣಿಗೂ ಬೀಳಲಿಲ್ಲ. ಬರೋನ್‌ನಿಂದ ಕಲಿಯಬೇಕಾದದ್ದು ಆತನ ಗಳಿಕೆಯನ್ನಲ್ಲ, ಕೆಲಸ ಸಿಗದ ಕಾಲವನ್ನು ಕಲಿಕೆಗೆ ಬಳಸಿದ ರೀತಿಯನ್ನು.

ಹಿಟ್ಟಿನ ಕೋಳಿಯ ಪ್ರಶ್ನೆ

ಈಗ ಜೈನ ಮನೆಯಲ್ಲಿ ಮಾತ್ರ ಏಳುವ ಪ್ರಶ್ನೆಗೆ ಬರೋಣ. ಪರದೆಯ ಮೇಲೆ ಕೊಲ್ಲುವುದು ಹಿಂಸೆಯೇ? ಅಲ್ಲಿ ಪ್ರಾಣವಿಲ್ಲ, ರಕ್ತವಿಲ್ಲ, ಬಣ್ಣದ ಚುಕ್ಕಿಗಳಷ್ಟೆ.

ಕನ್ನಡಿಗ ಜೈನರು ಈ ಪ್ರಶ್ನೆಯನ್ನು ಎಂಟು ಶತಮಾನದ ಹಿಂದೆಯೇ ಎದುರಿಸಿದ್ದಾರೆ. ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ರಾಜ ಯಶೋಧರ ಪ್ರಾಣಿಬಲಿ ಒಲ್ಲೆನೆನ್ನುತ್ತಾನೆ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಿಂದ ಮಾಡಿದ ಕೋಳಿಯನ್ನು ದೇವಿಯ ಮುಂದೆ ಕಡಿಯುತ್ತಾನೆ. ಅಲ್ಲಿಯೂ ಪ್ರಾಣವಿಲ್ಲ. ಆದರೂ ಆ ಸಂಕಲ್ಪ ಹಿಂಸೆಗಾಗಿ ತಾಯಿ-ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಯೋನಿಗಳಲ್ಲಿ ತೊಳಲಬೇಕಾಯಿತು. ಕೊಂದದ್ದು ಏನನ್ನು ಎನ್ನುವುದಕ್ಕಿಂತ ಯಾವ ಭಾವದಿಂದ ಕೈ ಎತ್ತಿದರು ಎಂಬುದನ್ನು ಕಾವ್ಯ ಮುಂದೆ ತರುತ್ತದೆ.

ಹಾಗಾದರೆ ಆಟಗಳೆಲ್ಲ ಹಿಟ್ಟಿನ ಕೋಳಿಗಳೇ? ಚದುರಂಗದಲ್ಲಿ ಆನೆ ಕುದುರೆಗಳು ಬೀಳುತ್ತವೆ, ಚೌಕಾಬಾರದಲ್ಲಿ ಅಜ್ಜಿಯೇ ಮೊಮ್ಮಗನ ಕಾಯಿ ಕಡಿಯುತ್ತಾಳೆ. ಅವನ್ನು ಯಾರೂ ಹಿಂಸೆ ಎನ್ನಲಿಲ್ಲ, ಏಕೆಂದರೆ ಅಲ್ಲಿ ಮನಸ್ಸು ಸಾವನ್ನು ಕಲ್ಪಿಸಿಕೊಂಡು ಹಿಗ್ಗುವುದಿಲ್ಲ. ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ತೋರಿಸುವ ಪದ ನಮ್ಮ ಶಾಸ್ತ್ರದಲ್ಲೇ ಇದೆ. ರೌದ್ರಧ್ಯಾನದ ನಾಲ್ಕು ಬಗೆಗಳಲ್ಲಿ ಮೊದಲನೆಯದು ಹಿಂಸಾನಂದಿ, ಅಂದರೆ ಹಿಂಸೆಯಲ್ಲಿ ಆನಂದಪಡುವ ಧ್ಯಾನ. ಎದುರಾಳಿಯ ನೋವನ್ನು ಚೆನ್ನಾಗಿ ಚಿತ್ರಿಸಿ, ತಲೆಗೆ ಗುಂಡು ಬಿದ್ದರೆ ಹೆಚ್ಚು ಅಂಕ ಕೊಟ್ಟು, ಆ ಕ್ಷಣವನ್ನೇ ಆಟದ ಸುಖವಾಗಿ ಮಾಡಿದ್ದರೆ ಅದು ಈ ಗೆರೆಯ ಆಚೆಗಿದೆ.

ಇಲ್ಲಿ ಅತಿರೇಕದ ಮಾತು ಬೇಡ. ಇಂಥ ಆಟ ಆಡಿದವರು ಕೊಲೆಗಾರರಾಗುತ್ತಾರೆ ಎಂಬುದಕ್ಕೆ ಆಧಾರವಿಲ್ಲ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2020ರಲ್ಲಿ, ಕೂಗಾಟ, ತಳ್ಳಾಟದಂಥ ಸಿಡುಕಿನ ವರ್ತನೆಗೂ ಹಿಂಸಾತ್ಮಕ ಆಟಗಳಿಗೂ ಸಣ್ಣ ನಂಟು ಕಾಣುತ್ತದೆ, ಆದರೆ ಗಂಭೀರ ಹಿಂಸಾಚಾರಕ್ಕೆ ಅವನ್ನೇ ಕಾರಣ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಹೇಳಿತು. ನಮ್ಮ ಆಕ್ಷೇಪ ಸಮಾಜದ ಸುರಕ್ಷತೆಯದ್ದಲ್ಲ, ಭಾವಶುದ್ಧಿಯದ್ದು. ಅದನ್ನು ಹಾಗೆಯೇ ಹೇಳಿದರೆ ಮಕ್ಕಳು ಕೇಳುತ್ತಾರೆ. ‘ಗೇಮ್ ಆಡಿದರೆ ಹಾಳಾಗುತ್ತೀಯ’ ಎಂದರೆ, ಹಾಳಾಗದ ಹತ್ತು ಗೆಳೆಯರನ್ನು ಅವರು ತೋರಿಸುತ್ತಾರೆ.

ಆಡುವವನಿಗಿಂತ ಕಟ್ಟುವವನ ಹೊಣೆ ದೊಡ್ಡದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಎಣಿಸುವ ಐದು ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದು. ಹಿಂಸೆಯ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದು ಅದರ ಅರ್ಥ. ಅಪಧ್ಯಾನ ಮತ್ತೊಂದು. ಆಟ ಕಟ್ಟುವವನು ಸಾವಿರಾರು ಜನರ ಮನಸ್ಸಿಗೆ ಒಂದು ಸಾಧನ ಕೊಡುತ್ತಾನೆ. ಯಾವುದಕ್ಕೆ ಬಹುಮಾನ, ಯಾವುದಕ್ಕೆ ನಷ್ಟ ಎಂದು ನಿಯಮ ಬರೆಯುವವನು ಅವನೇ. ಅಂದರೆ ಒಳ್ಳೆಯದನ್ನು ಮಾಡುವ ಅವಕಾಶವೂ ಅವನ ಕೈಯಲ್ಲೇ ಹೆಚ್ಚು.

ಕೊಲ್ಲದ ಆಟ ಸಪ್ಪೆ ಎಂಬ ವಾದವಿದೆ. 1987ರಿಂದ ಬೆಳೆದು ಬಂದ ಮುಕ್ತ ತಂತ್ರಾಂಶದ ಆಟ ನೆಟ್‌ಹ್ಯಾಕ್‌ನಲ್ಲಿ ಆಟಗಾರ ಕೊನೆಯವರೆಗೆ ಯಾವ ಜೀವಿಯನ್ನೂ ಕೊಲ್ಲದೆ, ಮಾಂಸ ಮುಟ್ಟದೆ ಉಳಿದನೇ ಎಂದು ಆಟವೇ ಲೆಕ್ಕ ಇಡುತ್ತದೆ. ಹಾಗೆ ಆಡಿ ಮುಗಿಸುವುದನ್ನು ಆಟಗಾರರು ದೊಡ್ಡ ಸಾಧನೆ ಎಂದು ಎಣಿಸುತ್ತಾರೆ. 2015ರ ‘ಅಂಡರ್‌ಟೇಲ್’ ಆಟವನ್ನು ಯಾರನ್ನೂ ಕೊಲ್ಲದೆ, ಎದುರಾದವರನ್ನೆಲ್ಲ ಮಾತಿನಿಂದ ಒಲಿಸಿಕೊಂಡು ಪೂರ್ತಿ ಮಾಡಬಹುದು; ಕಥೆಯ ಅತ್ಯುತ್ತಮ ಅಂತ್ಯ ಸಿಗುವುದೂ ಹಾಗೆ ಆಡಿದವರಿಗೆ. ಎರಡೂ ಜೈನರು ಮಾಡಿದ ಆಟಗಳಲ್ಲ. ಅಹಿಂಸೆ ಎಂಬ ನಿಯಮ ಆಟವನ್ನು ಸುಲಭಗೊಳಿಸದೆ ಕಠಿಣವೂ ಸ್ವಾರಸ್ಯಕರವೂ ಆಗಿಸುತ್ತದೆ ಎಂದು ಅವು ತೋರಿಸಿಕೊಟ್ಟಿವೆ.

ಕೊಳ್ಳೇಗಾಲದ ನೆಲದಿಂದಲೇ ಒಂದು ಉದಾಹರಣೆ ಕೊಡಬಹುದು. ಈ ಸೀಮೆಯ ಹೆಸರು ರೇಷ್ಮೆಯೊಂದಿಗೆ ಬೆಸೆದುಕೊಂಡಿದೆ. ಮಧುವನಹಳ್ಳಿಯ ವಿದ್ಯಾರ್ಥಿಯೊಬ್ಬ ತನ್ನ ಊರಿನ ಬೇಸಾಯದ ಆಟ ಕಟ್ಟಲು ಹೊರಟರೆ ಹಿಪ್ಪುನೇರಳೆ ಸೊಪ್ಪು, ಹುಳು, ಗೂಡು, ಮಾರುಕಟ್ಟೆ ಎಲ್ಲವೂ ಬರಬೇಕಾಗುತ್ತದೆ. ಗೂಡಿನಿಂದ ಚಿಟ್ಟೆ ಹೊರಬಂದರೆ ಎಳೆ ತುಂಡಾಗುತ್ತದೆ. ಅಖಂಡ ಎಳೆ ಬೇಕಾದರೆ ಅದಕ್ಕೆ ಮೊದಲೇ ಬಿಸಿಗೆ ಒಡ್ಡಬೇಕು, ಒಳಗಿನ ಜೀವ ಸಾಯುತ್ತದೆ. ಆಟದಲ್ಲಿ ಈ ಎರಡು ದಾರಿಗಳಿಗೆ ಎಷ್ಟೆಷ್ಟು ಬೆಲೆ ಇಡಬೇಕು? ಚಿಟ್ಟೆಯನ್ನು ಹಾರಲು ಬಿಟ್ಟವನ ಮನೆ ಹೇಗೆ ನಡೆಯಬೇಕು? ನೆರೆಹೊರೆಯ ರೈತ, ನೂಲು ಬಿಚ್ಚಾಣಿಕೆ ಮಾಡುವವರು, ನೇಕಾರರು ಇವರ ಬದುಕನ್ನು ಹೀಯಾಳಿಸದೆ ಇದನ್ನು ಹೇಗೆ ತೋರಿಸಬೇಕು? ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಹಿಂಸೆಗಳನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಹುಡುಗ, ಈ ನಿಯಮ ಬರೆಯುವಾಗ ಉದ್ಯೋಗೀ ಹಿಂಸೆ ಎಂದರೇನೆಂದು ನಿಜವಾಗಿ ಯೋಚಿಸುತ್ತಾನೆ.

ಚಟ ಹಿಡಿಸುವ ವಿದ್ಯೆ

ಹಣದ ಪಣ ಇಲ್ಲದ ಆಟವೂ ದ್ಯೂತದ ಗುಣ ಪಡೆಯಬಹುದು. ಏನು ಸಿಗುತ್ತದೆಂದು ತಿಳಿಯದೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಗಳು ಹಲವು ಮೊಬೈಲ್ ಆಟಗಳಲ್ಲಿವೆ. ಬೆಲ್ಜಿಯಂ 2018ರಲ್ಲೇ ಇವನ್ನು ಜೂಜು ಎಂದು ಪರಿಗಣಿಸಿತು. ಒಂದು ದಿನ ತಪ್ಪಿದರೆ ಬಹುಮಾನ ಹೋಯಿತು ಎಂಬ ನಿಯಮ, ಮತ್ತೆ ಮತ್ತೆ ಕರೆಯುವ ನೋಟಿಫಿಕೇಷನ್ ಎಲ್ಲವೂ ಬೇಕೆಂದೇ ಹೆಣೆದವು. ಆಟ ಕಟ್ಟುವುದನ್ನು ಕಲಿತ ವಿದ್ಯಾರ್ಥಿಗೆ ಈ ಬಲೆಯ ಗಂಟುಗಳು ಕಾಣುತ್ತವೆ. ಬರೀ ಆಡುವವರಿಗೆ ಕಾಣುವುದಿಲ್ಲ. ಕಟ್ಟುವ ವಿದ್ಯೆಯಿಂದ ಆಗುವ ದೊಡ್ಡ ಉಪಕಾರಗಳಲ್ಲಿ ಇದೂ ಒಂದು.

ವಿಯೆಟ್ನಾಮಿನ ಡಾಂಗ್ ನ್ಗುಯೆನ್ ಒಬ್ಬನೇ ಕಟ್ಟಿದ ‘ಫ್ಲ್ಯಾಪಿ ಬರ್ಡ್’ 2014ರ ಆರಂಭದಲ್ಲಿ ಜಗತ್ತನ್ನೇ ಆವರಿಸಿತು. ದಿನಕ್ಕೆ ಸುಮಾರು 50,000 ಡಾಲರ್ ಜಾಹೀರಾತು ಆದಾಯ ಬರುತ್ತಿದೆ ಎಂದು ಆಗ ವರದಿಯಾಗಿತ್ತು. ಜನರಿಗೆ ಇದು ಚಟವಾಗುತ್ತಿದೆ ಎಂದು ಆತ ಫೆಬ್ರುವರಿಯಲ್ಲಿ ಅದನ್ನು ತಾನೇ ಹಿಂತೆಗೆದುಕೊಂಡ. ಪರಿಗ್ರಹ ಪರಿಮಾಣವನ್ನು ಉಪದೇಶಿಸುವ ನಾವು ಮಕ್ಕಳಿಗೆ ಹೇಳಬಹುದಾದ ಉದಾಹರಣೆ ಇದು.

ಆಡುವ ಚಟದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ, ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾದರೂ ಬಿಡಲಾಗದಿರುವುದು ಇವು ಸಾಮಾನ್ಯವಾಗಿ 12 ತಿಂಗಳು ಮುಂದುವರಿದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಇದಕ್ಕಾಗಿಯೇ ಇದೆ. ಮಗ ರಾತ್ರಿ ಕಂಪ್ಯೂಟರ್ ಮುಂದೆ ಕುಳಿತಿದ್ದಾನೆಂದ ಮಾತ್ರಕ್ಕೆ ಈ ಹೆಸರು ಅಂಟಿಸಬೇಡಿ. ಅವನು ಆಡುತ್ತಿದ್ದಾನೋ ಕಟ್ಟುತ್ತಿದ್ದಾನೋ ಕೇಳಿ. ಕಟ್ಟುತ್ತಿದ್ದರೆ ತೋರಿಸಲು ಏನಾದರೂ ಇರುತ್ತದೆ.

ಉದ್ಯೋಗದ ನಿಜ

ಕರ್ನಾಟಕ 2012ರಲ್ಲೇ ಈ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದಿತ್ತು. 2024ರಿಂದ 2029ರವರೆಗಿನ ಹೊಸ ನೀತಿ ಸುಮಾರು 30,000 ಉದ್ಯೋಗಗಳ ಗುರಿ ಇಟ್ಟುಕೊಂಡಿದೆ. ಬೆಂಗಳೂರಿನಲ್ಲಿ 1990ರ ದಶಕದಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಆ ಸಂಸ್ಥೆಯ ಅತಿ ಪ್ರಸಿದ್ಧ ಆಟದ ಹೆಸರಿನಲ್ಲೇ ಕಳ್ಳತನವಿದೆ: ‘ಗ್ರ್ಯಾಂಡ್ ಥೆಫ್ಟ್ ಆಟೊ’. ಕಳ್ಳತನ, ಮದ್ಯ, ವೇಶ್ಯೆ, ಜೂಜು ಎಲ್ಲವೂ ಆ ಆಟದ ಊರಿನಲ್ಲಿವೆ. ಸಪ್ತವ್ಯಸನಗಳನ್ನು ಬಿಟ್ಟ ಮನೆಯ ಮಗಳಿಗೆ ಅಂಥ ಕಡೆ ಒಳ್ಳೆಯ ಸಂಬಳದ ಕೆಲಸ ಸಿಕ್ಕರೆ ಏನು ಮಾಡಬೇಕು?

ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಬ್ಯಾಂಕು, ಔಷಧ, ಹೋಟೆಲ್ ಉದ್ಯಮಗಳಲ್ಲೂ ನಮ್ಮವರು ಇಂಥ ಇಕ್ಕಟ್ಟನ್ನು ಎದುರಿಸಿ, ತಮ್ಮ ತಮ್ಮ ಗೆರೆ ಎಳೆದುಕೊಂಡಿದ್ದಾರೆ. ಆದರೆ ಕೈಯಲ್ಲಿ ತಾನೇ ಕಟ್ಟಿದ ಎರಡು-ಮೂರು ಆಟಗಳಿರುವವರಿಗೆ ‘ಈ ಕೆಲಸ ಒಲ್ಲೆ’ ಎನ್ನುವ ಬಲ ಹೆಚ್ಚು. ಅದೇ ಕೌಶಲ ಶಿಕ್ಷಣ, ವೈದ್ಯಕೀಯ ತರಬೇತಿ, ಕಟ್ಟಡ ವಿನ್ಯಾಸ, ವಸ್ತುಸಂಗ್ರಹಾಲಯಗಳಿಗೂ ಬೇಕಾಗುತ್ತದೆ.

ಗೇಮ್ ಉದ್ಯಮವನ್ನೇ ನಂಬಿ ಕೂರುವುದೂ ಸರಿಯಲ್ಲ. 2024ರ ಜನವರಿಯಲ್ಲಿ ಮೈಕ್ರೊಸಾಫ್ಟ್ ತನ್ನ ಗೇಮಿಂಗ್ ವಿಭಾಗದಿಂದ 1,900 ಜನರನ್ನು ಒಂದೇ ಸಲ ತೆಗೆಯಿತು. ಪದವಿ, ಅದರ ಅಂಕ, ಮುಖ್ಯ ಉದ್ಯೋಗದ ತಯಾರಿ ಮೊದಲು. ಆಟ ಕಟ್ಟುವುದು ಅದರ ಪಕ್ಕದಲ್ಲಿ ಇರಲಿ. ಹವ್ಯಾಸ ಎಂಬ ಪದಕ್ಕೆ ಇಲ್ಲಿ ಬೆಲೆ ಇದೆ.

ನಮ್ಮದೇ ಒಂದು ಆಟ

ಮೊದಲ ಆಟ ಯಾವುದು ಕಟ್ಟಬೇಕೆಂದು ಕೇಳುವ ವಿದ್ಯಾರ್ಥಿಗೆ ಜೈನ ಪರಂಪರೆಯಲ್ಲೇ ಸಿದ್ಧ ಮಾದರಿಯಿದೆ. ಇಂದಿನ ಹಾವು-ಏಣಿ ಆಟದ ಹಿಂದಿರುವುದು ಜ್ಞಾನ ಚೌಪಡ್. ಪಶ್ಚಿಮ ಭಾರತದ ಜೈನರು ಬಟ್ಟೆಯ ಮೇಲೆ ಬರೆಸಿಕೊಳ್ಳುತ್ತಿದ್ದ ಈ ಪಟದಲ್ಲಿ ಸಾಮಾನ್ಯವಾಗಿ 84 ಮನೆಗಳು. ಸದ್ಗುಣದ ಮನೆಗೆ ಬಂದರೆ ಏಣಿ, ಕಷಾಯದ ಮನೆಗೆ ಬಂದರೆ ಹಾವು, ಮೇಲೆ ಮೋಕ್ಷ. ಕವಡೆ ಅಥವಾ ದಾಳ ಇದೆ, ಪಣವಿಲ್ಲ. ನಮ್ಮ ಮೈಸೂರು ಸೀಮೆಯಲ್ಲೂ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಸಮಸ್ಯೆಗಳನ್ನೂ ಹೊಸ ಮಣೆಯಾಟಗಳನ್ನೂ ರಚಿಸಿದ್ದರು. ಆಟ ಕಟ್ಟುವುದು ಈ ನೆಲಕ್ಕೆ ಅಪರಿಚಿತವಲ್ಲ.

ಈ 84 ಮನೆಯ ಆಟವನ್ನು ಕನ್ನಡದಲ್ಲಿ ಕಂಪ್ಯೂಟರಿಗೆ ತರಲು ಬೇಕಾದದ್ದು ಮನೆಗಳ ಒಂದು ಪಟ್ಟಿ, ಯಾವ ಮನೆಯಿಂದ ಎಲ್ಲಿಗೆ ಏರಿಳಿತ ಎಂಬ ಇನ್ನೊಂದು ಪಟ್ಟಿ, ಸರದಿ ಬದಲಿಸುವ ಒಂದು ಸುತ್ತು. ಎರಡನೇ ವರ್ಷದ ವಿದ್ಯಾರ್ಥಿಗೆ ಕೆಲವು ವಾರಗಳ ಕೆಲಸ. ಆದರೆ ಕವಡೆ ಎಸೆತ ದಾಳದಂತಲ್ಲ. ಆರು ಕವಡೆ ಎಸೆದರೆ ಒಟ್ಟು 64 ಸಾಧ್ಯತೆಗಳು. ಪ್ರತಿ ಕವಡೆಯೂ ಸಮಸಮವಾಗಿ ಬೀಳುತ್ತದೆಂದುಕೊಂಡರೆ ಮೂರು ಮೇಲ್ಮುಖವಾಗಿ ಬೀಳುವುದು 64ರಲ್ಲಿ 20 ಸಲ, ಆರೂ ಬೀಳುವುದು ಒಂದೇ ಸಲ. ಆರರಲ್ಲಿ ಮೂರನ್ನು 20 ಬಗೆಯಲ್ಲಿ ಆರಿಸಬಹುದೆಂಬ ಲೆಕ್ಕದ ಸಾಮಾನ್ಯ ಸೂತ್ರವನ್ನು 9ನೇ ಶತಮಾನದಲ್ಲಿ ಗಣಿತಸಾರಸಂಗ್ರಹದಲ್ಲಿ ಕೊಟ್ಟವರು ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರು. ಯಾವ ಮನೆಗೆ ಯಾವ ಕಷಾಯದ ಹೆಸರಿಡಬೇಕೆಂದು ತಿಳಿಯಲು ವಿದ್ಯಾರ್ಥಿ ಅಜ್ಜನನ್ನೋ, ಬಸದಿಯ ಪುರೋಹಿತರನ್ನೋ, ಪಾಠಶಾಲೆಯ ಗುರುಗಳನ್ನೋ ಕೇಳಲೇಬೇಕಾಗುತ್ತದೆ. ಮನೆಯಲ್ಲಿ ಮಾತು ಶುರುವಾಗಲು ಅದೂ ಒಂದು ದಾರಿ.

ಮನೆಯವರು, ಸಮಾಜ ಮಾಡಬಹುದಾದದ್ದು

ಮನೆಯವರು ಒಂದು ಗಡಿ ಹಾಕಿಕೊಡಲಿ. ಭೋಗೋಪಭೋಗ ಪರಿಮಾಣ ವ್ರತದ ರೀತಿಯಲ್ಲೇ, ದಿನಕ್ಕೆ ಆಡಲು ಇಷ್ಟು ಹೊತ್ತು, ಕಟ್ಟಲು ಇಷ್ಟು ಹೊತ್ತು ಎಂದು ಮಕ್ಕಳೇ ನಿಯಮ ತೆಗೆದುಕೊಳ್ಳಲಿ. ಚಾತುರ್ಮಾಸವೋ ದಶಲಕ್ಷಣ ಪರ್ವವೋ ಅದಕ್ಕೆ ಒಳ್ಳೆಯ ಆರಂಭ. ಹೇರಿದ ನಿಷೇಧಕ್ಕಿಂತ ತಾನೇ ತೆಗೆದುಕೊಂಡ ನಿಯಮ ಹೆಚ್ಚು ದಿನ ಉಳಿಯುತ್ತದೆ ಎಂಬುದು ನಮಗೆ ತಿಳಿದದ್ದೇ.

ವಿದ್ಯಾರ್ಥಿ ಸಣ್ಣದನ್ನು ಹಿಡಿದು ಮುಗಿಸಲಿ. ದೊಡ್ಡ ಕನಸಿನ ಅರ್ಧ ಆಟಕ್ಕಿಂತ ಪೂರ್ತಿಯಾದ ಪುಟ್ಟ ಆಟ ಮೇಲು. ಇಚ್.ಐಒ ಎಂಬ ತಾಣದಲ್ಲಿ ಹಣ ಕೊಡದೆಯೇ ಪ್ರಕಟಿಸಬಹುದು. ಗೂಗಲ್ ಪ್ಲೇಗೆ ಒಮ್ಮೆ 25 ಡಾಲರ್ ಕಟ್ಟಬೇಕು. ಹೊಸ ವೈಯಕ್ತಿಕ ಖಾತೆಯವರು ಕನಿಷ್ಠ 12 ಜನರಿಂದ 14 ದಿನ ಪರೀಕ್ಷೆ ಮಾಡಿಸಬೇಕೆಂಬ ನಿಯಮ 2024ರ ಡಿಸೆಂಬರ್‌ನಿಂದ ಇದೆ. ಆ 12 ಜನ ನಮ್ಮ ಯುವಕ ಮಂಡಲ, ಮಹಿಳಾ ಸಮಾಜಗಳಲ್ಲಿ ಸಿಗದೆ ಇರುತ್ತಾರೆಯೇ?

ಸಮಾಜದ ಸಂಘಗಳು ಪ್ರತಿಭಾ ಪುರಸ್ಕಾರದ ಪಟ್ಟಿಯಲ್ಲಿ ಅಂಕಗಳ ಜೊತೆಗೆ ಇಂಥ ಒಂದು ಕೆಲಸಕ್ಕೂ ಜಾಗ ಕೊಡಬಹುದು. ಬೇಸಿಗೆ ಶಿಬಿರದಲ್ಲಿ ಸ್ತೋತ್ರ, ಶ್ರಾವಕಾಚಾರದ ಪಾಠದೊಂದಿಗೆ ಎರಡು ದಿನ ಜ್ಞಾನ ಚೌಪಡ್ ಕಟ್ಟಿಸಬಹುದು. ಹಳೆಯ ಆದರೆ ಕೆಲಸಕ್ಕೆ ಬರುವ ಲ್ಯಾಪ್‌ಟಾಪ್ ಮನೆಯಲ್ಲಿದ್ದವರು ಅದನ್ನು ಹಳ್ಳಿಯ ವಿದ್ಯಾರ್ಥಿಗೆ ತಲುಪಿಸಿದರೆ ಅದೂ ಶಾಸ್ತ್ರದಾನದ ಸಾಲಿಗೇ ಸೇರುತ್ತದೆ.

ಮಗನೋ ಮಗಳೋ ಆಟ ಕಟ್ಟುವೆನೆಂದಾಗ ಮೂರು ಪ್ರಶ್ನೆ ಕೇಳಿದರೆ ಸಾಕು. ಇದರಲ್ಲಿ ಪಣವಿದೆಯೇ? ಇದರಲ್ಲಿ ಆಡುವವರಿಗೆ ಯಾವುದಕ್ಕೆ ಆನಂದವಾಗುತ್ತದೆ? ನಿನ್ನ ಆಟವನ್ನು ಮುಚ್ಚಿಟ್ಟು ಎದ್ದು ಹೋಗಲು ಆಡುವವನಿಗೆ ನೀನು ಬಿಡುತ್ತೀಯಾ? ಈ ಮೂರಕ್ಕೂ ಒಪ್ಪುವ ಉತ್ತರ ಬಂದರೆ, ಪಕ್ಕದಲ್ಲಿ ಕುಳಿತು ‘ತೋರಿಸು, ಹೇಗೆ ಆಡೋದು?’ ಎನ್ನಿ.